ಗರ್ಭಕೊರಳ ಕ್ಯಾನ್ಸರ್: ರಕ್ತಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ?

ಮೈಸೂರು: ಗರ್ಭಕೊರಳಿನ ಕ್ಯಾನ್ಸರನ್ನು ಕೇವಲ ರಕ್ತಪರೀಕ್ಷೆಯಿಂದ ಪತ್ತೆ ಹಚ್ಚಲು ಸಾಧ್ಯವೇ? ಆರೋಗ್ಯ ತಪಾಸಣೆಯ ಬಗ್ಗೆ ಅರಿವು ಹೆಚ್ಚಿದಂತೆಲ್ಲ ಈ ಪ್ರಶ್ನೆಯೂ ಮನೆಮನೆಗಳಲ್ಲಿ ಕೇಳಿಬರುತ್ತಿದೆ. ಇದಕ್ಕೆ ವೈದ್ಯವಿಜ್ಞಾನ ನೀಡುವ ಉತ್ತರ ಸ್ಪಷ್ಟವಾಗಿದೆ. ಆರಂಭದ ಹಂತದಲ್ಲಿ ಈ ರೋಗವನ್ನು ಖಚಿತವಾಗಿ ಗುರುತಿಸಬಲ್ಲ ರಕ್ತಪರೀಕ್ಷೆ ಇನ್ನೂ ಬಳಕೆಗೆ ಬಂದಿಲ್ಲ. ಆದರೆ ರೋಗ ದೃಢಪಟ್ಟ ಬಳಿಕ ಅದರ ವ್ಯಾಪ್ತಿಯನ್ನು ಅಂದಾಜು ಮಾಡಲು, ಚಿಕಿತ್ಸೆಯ ಪರಿಣಾಮವನ್ನು ಅಳೆಯಲು, ರೋಗ ಮರುಕಳಿಸುತ್ತಿದೆಯೇ ಎಂಬುದರ ಸುಳಿವು ಪಡೆಯಲು ಕೆಲವು ರಕ್ತ ಸೂಚಕಗಳು ನೆರವಾಗುತ್ತವೆ. ಈ ಎರಡು ಸಂಗತಿಗಳ ನಡುವಣ ವ್ಯತ್ಯಾಸವನ್ನು ಅರಿಯದಿದ್ದರೆ ಪ್ರಾಣಕ್ಕೇ ಸಂಚಕಾರ ಒದಗಬಹುದು.

ನಗರದ ಈಶಾನ್ಯ ಭಾಗದಲ್ಲಿರುವ ಕೆಸರೆ ಮತ್ತು ಅದರ ಸುತ್ತಣ ಬಡಾವಣೆಗಳಲ್ಲಿ ದುಡಿಮೆಯನ್ನೇ ನಂಬಿದ ಕುಟುಂಬಗಳು ಅಧಿಕ ಸಂಖ್ಯೆಯಲ್ಲಿವೆ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಇಂತಹ ಮನೆಗಳ ಮಹಿಳೆಯರಿಗೆ ಸುಲಭವಲ್ಲ. ಒಳಾಂಗ ಪರೀಕ್ಷೆಯೆಂದರೆ ಸಂಕೋಚವೂ ಉಂಟು. ಹೀಗಿರುವಾಗ ತೋಳಿನಿಂದ ಒಂದಿಷ್ಟು ರಕ್ತ ಕೊಟ್ಟರೆ ಕೆಲಸ ಮುಗಿಯಿತು ಎಂಬ ಭರವಸೆ ಯಾರಿಗಾದರೂ ಹಿತವೆನಿಸುವುದು ಸಹಜ. ಆ ಭರವಸೆ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಓದುಗರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಗರ್ಭಕೋಶದ ಕೆಳತುದಿಯಲ್ಲಿ, ಯೋನಿಮಾರ್ಗಕ್ಕೆ ತೆರೆದುಕೊಳ್ಳುವ ಕಿರಿದಾದ ಭಾಗವೇ ಗರ್ಭಕೊರಳು. ಇದನ್ನು ಗರ್ಭಕಂಠವೆಂದೂ ಕರೆಯುತ್ತಾರೆ. ಇಲ್ಲಿ ಉಂಟಾಗುವ ಕ್ಯಾನ್ಸರಿಗೆ ಬಹುತೇಕ ಎಲ್ಲ ಪ್ರಕರಣಗಳಲ್ಲಿಯೂ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಕಾರಣವಾಗಿರುತ್ತದೆ. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ 1983 ಮತ್ತು 1984ರಲ್ಲಿ ಕ್ರಮವಾಗಿ ಈ ವೈರಸ್ಸಿನ 16 ಹಾಗೂ 18ನೆಯ ಬಗೆಗಳನ್ನು ಗರ್ಭಕೊರಳ ಕ್ಯಾನ್ಸರಿನ ಗೆಡ್ಡೆಗಳಲ್ಲಿ ಗುರುತಿಸಿತು. ಈ ಸಾಧನೆಗಾಗಿ ಅವರಿಗೆ 2008ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ವಿಶ್ವದ ಗರ್ಭಕೊರಳ ಕ್ಯಾನ್ಸರ್ ಪ್ರಕರಣಗಳ ಪೈಕಿ ಸುಮಾರು ಶೇ 70ರಷ್ಟಕ್ಕೆ ಈ ಎರಡು ಬಗೆಗಳೇ ಕಾರಣ.

ಭಾರತದ ಮಟ್ಟಿಗೆ ಇದು ಸಣ್ಣ ಸಮಸ್ಯೆಯಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ದೇಶದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ಹೊಸದಾಗಿ ತಗುಲಿತು. ಸುಮಾರು 80 ಸಾವಿರ ಮಂದಿ ಮೃತಪಟ್ಟರು. ಭಾರತೀಯ ಮಹಿಳೆಯರನ್ನು ಕಾಡುವ ಕ್ಯಾನ್ಸರುಗಳಲ್ಲಿ ಸ್ತನ ಕ್ಯಾನ್ಸರಿನ ನಂತರದ ಸ್ಥಾನ ಇದರದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಿರ್ವಹಿಸಲಾಗುತ್ತಿರುವ ಕ್ಯಾನ್ಸರ್ ನೋಂದಣಿಯ ಆರಂಭದ ವರ್ಷಗಳಲ್ಲಿ ಮಹಿಳೆಯರ ಕ್ಯಾನ್ಸರುಗಳ ಪಟ್ಟಿಯಲ್ಲಿ ಗರ್ಭಕೊರಳ ಕ್ಯಾನ್ಸರೇ ಮೊದಲ ಸ್ಥಾನದಲ್ಲಿತ್ತು. ಅನಂತರದ ದಶಕಗಳಲ್ಲಿ ಅದರ ಪ್ರಮಾಣ ಇಳಿಮುಖವಾಗಿದ್ದರೂ ರೋಗಿಗಳು ತಡವಾಗಿ ಆಸ್ಪತ್ರೆಗೆ ಬರುವ ಪರಿಪಾಠ ಮಾತ್ರ ತಪ್ಪಿಲ್ಲ.

ರಕ್ತದಲ್ಲಿ ಏಕೆ ಕಾಣುವುದಿಲ್ಲ?

ಈ ರೋಗದ ವಿಶೇಷವೆಂದರೆ ಅದು ಒಮ್ಮೆಲೇ ಎರಗುವುದಿಲ್ಲ. ವೈರಸ್ಸಿನ ಸೋಂಕು ದೀರ್ಘಕಾಲ ಉಳಿದುಕೊಂಡ ಕೆಲವರಲ್ಲಿ ಗರ್ಭಕೊರಳಿನ ಮೇಲ್ಪದರದ ಕೋಶಗಳು ನಿಧಾನವಾಗಿ ರೂಪ ಬದಲಿಸುತ್ತವೆ. ಇದನ್ನು ಕ್ಯಾನ್ಸರ್ ಪೂರ್ವ ಸ್ಥಿತಿ ಎನ್ನುತ್ತಾರೆ. ರೋಗನಿರೋಧಕ ಶಕ್ತಿ ಸರಿಯಾಗಿರುವ ಮಹಿಳೆಯಲ್ಲಿ ಅಸಹಜ ಕೋಶಗಳು ಕ್ಯಾನ್ಸರಾಗಿ ಪರಿಣಮಿಸಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಅವಧಿ 5ರಿಂದ 10 ವರ್ಷಕ್ಕೆ ಇಳಿಯಬಹುದು.

ಈ ಸುದೀರ್ಘ ಅವಧಿಯೇ ರೋಗವನ್ನು ತಡೆಯಲು ದೊರೆಯುವ ಅವಕಾಶ. ಆದರೆ ಇದೇ ಅವಧಿಯಲ್ಲಿ ರಕ್ತಪರೀಕ್ಷೆ ನಿರುಪಯುಕ್ತ. ಇದಕ್ಕೆ ಕಾರಣ ಸರಳವಾಗಿದೆ. ಗರ್ಭಕೊರಳಿನ ಮೇಲ್ಪದರದಲ್ಲಿ ರಕ್ತನಾಳಗಳಿರುವುದಿಲ್ಲ. ಅದರ ಕೆಳಗಿರುವ ತೆಳುವಾದ ಆಧಾರಪೊರೆಯನ್ನು ಭೇದಿಸಿ ಒಳಗಿನ ಅಂಗಾಂಶಕ್ಕೆ ನುಗ್ಗುವವರೆಗೂ ಅಸಹಜ ಕೋಶಗಳು ರಕ್ತಪ್ರವಾಹದಿಂದ ದೂರವೇ ಇರುತ್ತವೆ. ಎಚ್‌ಪಿವಿ ಕೂಡ ಮೇಲ್ಪದರದಲ್ಲಿಯೇ ಬೀಡುಬಿಡುವ ವೈರಸ್. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸಿನಂತೆ ಅದು ರಕ್ತದಲ್ಲಿ ಸಂಚರಿಸುವುದಿಲ್ಲ. ಸೋಂಕು ತಗುಲಿದವರಲ್ಲಿ ಅನೇಕರ ದೇಹ ಅದರ ವಿರುದ್ಧ ಅಳೆಯಬಹುದಾದಷ್ಟು ಪ್ರತಿಕಾಯಗಳನ್ನು ತಯಾರಿಸುವುದೂ ಇಲ್ಲ. ಆದುದರಿಂದ ಹೆಪಟೈಟಿಸ್ ಅಥವಾ ಎಚ್‌ಐವಿಯನ್ನು ರಕ್ತದಲ್ಲಿ ಹುಡುಕುವಂತೆ ಎಚ್‌ಪಿವಿಯನ್ನು ಹುಡುಕಲಾಗದು. ಅದನ್ನು ಹುಡುಕಬೇಕಾದುದು ಗರ್ಭಕೊರಳಿನಿಂದ ಅಥವಾ ಯೋನಿಮಾರ್ಗದಿಂದ ತೆಗೆದ ಮಾದರಿಯಲ್ಲಿ.

ಪ್ರಮುಖ ರಕ್ತ ಸೂಚಕಗಳು

ಕ್ಯಾನ್ಸರ್ ಕೋಶಗಳು ಅಥವಾ ಅವುಗಳಿಗೆ ಪ್ರತಿಕ್ರಿಯೆಯಾಗಿ ದೇಹದ ಇತರ ಕೋಶಗಳು ಹೆಚ್ಚಾಗಿ ಉತ್ಪಾದಿಸುವ, ರಕ್ತದಲ್ಲಿ ಅಳೆಯಬಹುದಾದ ವಸ್ತುಗಳಿಗೆ ಗೆಡ್ಡೆ ಸೂಚಕಗಳು ಅಥವಾ ಟ್ಯೂಮರ್ ಮಾರ್ಕರ್‌ಗಳು ಎಂದು ಹೆಸರು. ಗರ್ಭಕೊರಳ ಕ್ಯಾನ್ಸರಿನ ಸಂದರ್ಭದಲ್ಲಿ ಬಳಕೆಯಲ್ಲಿರುವ ಮುಖ್ಯ ಸೂಚಕಗಳು ಇಂತಿವೆ:

ಎಸ್‌ಸಿಸಿ ಆ್ಯಂಟಿಜೆನ್: ಗರ್ಭಕೊರಳ ಕ್ಯಾನ್ಸರಿನಲ್ಲಿ ಬಹುಪಾಲು ಸ್ಕ್ವಾಮಸ್ ಕೋಶಗಳೆಂಬ ಚಪ್ಪಟೆ ಕೋಶಗಳಿಂದ ಉಂಟಾಗುವಂಥದ್ದು. ಈ ಬಗೆಯ ಗೆಡ್ಡೆಗಳಿಂದ ಪ್ರತ್ಯೇಕಿಸಿದ ಪ್ರೋಟೀನೊಂದನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಜಪಾನಿನ ಕಾಟೊ ಮತ್ತು ಟೊರಿಗೊಯೆ ಎಂಬ ಸಂಶೋಧಕರು 1977ರಲ್ಲಿ ಪ್ರಕಟಿಸಿದರು. ಅದರ ಮುಂದುವರಿದ ರೂಪವೇ ಇಂದಿನ ಎಸ್‌ಸಿಸಿ ಆ್ಯಂಟಿಜೆನ್ ಪರೀಕ್ಷೆ. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 1.5 ನ್ಯಾನೊಗ್ರಾಂವರೆಗಿನ ಪ್ರಮಾಣವನ್ನು ಅನೇಕ ಪ್ರಯೋಗಾಲಯಗಳು ಸಹಜವೆಂದು ಪರಿಗಣಿಸುತ್ತವೆ. ಕೆಲವು ವಿಧಾನಗಳಲ್ಲಿ ಈ ಮಿತಿ 2 ಅಥವಾ ಅದಕ್ಕಿಂತ ತುಸು ಹೆಚ್ಚು ಇರುವುದುಂಟು. ಒಂದು ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ.

ಸಿವೈಎಫ್‌ಆರ್‌ಎ 21-1: ಇದು ಕೋಶಗಳ ಒಳಕಟ್ಟಿನಲ್ಲಿರುವ ಸೈಟೊಕೆರಾಟಿನ್ 19 ಎಂಬ ಪ್ರೋಟೀನಿನ ತುಣುಕು. ಇದೂ ಸ್ಕ್ವಾಮಸ್ ಬಗೆಯಲ್ಲಿ ಏರಬಹುದಾದರೂ ಎಸ್‌ಸಿಸಿಯಷ್ಟು ಬಳಕೆಯಲ್ಲಿಲ್ಲ.

ಸಿಇಎ ಮತ್ತು ಸಿಎ-125: ಗರ್ಭಕೊರಳಿನ ಒಳನಾಳದ ಗ್ರಂಥಿಕೋಶಗಳಿಂದ ಹುಟ್ಟುವ ಅಡಿನೊಕಾರ್ಸಿನೋಮ ಎಂಬ ಬಗೆಯಲ್ಲಿ ಎಸ್‌ಸಿಸಿ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. ಅಂತಹ ಸಂದರ್ಭದಲ್ಲಿ ವೈದ್ಯರು ಈ ಎರಡು ಸೂಚಕಗಳನ್ನು ಗಮನಿಸುವುದುಂಟು. ಸಿಇಎಯನ್ನು 1965ರಲ್ಲಿ ಕರುಳಿನ ಕ್ಯಾನ್ಸರಿನಲ್ಲಿ ಗುರುತಿಸಲಾಯಿತು. ಸಿಎ-125 ಮುಖ್ಯವಾಗಿ ಅಂಡಾಶಯದ ಕ್ಯಾನ್ಸರಿಗೆ ಬಳಕೆಯಾಗುವ ಸೂಚಕ. ಇವೆರಡೂ ಗರ್ಭಕೊರಳಿಗೆ ಮಾತ್ರ ಸೀಮಿತವಾದವುಗಳಲ್ಲ ಎಂಬುದು ಗಮನಾರ್ಹ.

ರಕ್ತದಲ್ಲಿನ ಎಚ್‌ಪಿವಿ ಡಿಎನ್‌ಎ: ಗೆಡ್ಡೆಯ ಕೋಶಗಳು ನಾಶವಾಗುವಾಗ ಅವುಗಳೊಳಗಿನ ವೈರಸ್ಸಿನ ಡಿಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಚಿಕಿತ್ಸೆಯ ಬಳಿಕವೂ ಈ ತುಣುಕುಗಳು ಉಳಿದಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು ಎಂಬುದನ್ನು ಅಧ್ಯಯನಗಳು ತೋರಿಸಿವೆ. ಗರ್ಭಕೊರಳ ಕ್ಯಾನ್ಸರಿನ ಮಟ್ಟಿಗೆ ಇದು ಇನ್ನೂ ಸಂಶೋಧನೆಯ ಹಂತದಲ್ಲಿರುವ ಪರೀಕ್ಷೆ. ರೋಗ ಬೇರೂರಿದ ಮೇಲಷ್ಟೇ ಇದೂ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ.

ಒಂದು ಸರಳ ಲೆಕ್ಕ

ಎಸ್‌ಸಿಸಿ ಪ್ರಮಾಣ ಗೆಡ್ಡೆಯ ಗಾತ್ರಕ್ಕೆ ಅನುಗುಣವಾಗಿ ಏರುತ್ತದೆ. ರೋಗ ಗರ್ಭಕೊರಳಿನಾಚೆಗೆ ಹಬ್ಬಿದ ಸ್ಕ್ವಾಮಸ್ ಬಗೆಯ ರೋಗಿಗಳಲ್ಲಿ ಬಹುಪಾಲು ಮಂದಿಯಲ್ಲಿ ಅದು ಅಧಿಕವಾಗಿರುತ್ತದೆ. ಆದರೆ ಗರ್ಭಕೊರಳಿಗೇ ಸೀಮಿತವಾಗಿರುವ ಮೊದಲ ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳ ವರದಿ ಸಹಜವಾಗಿಯೇ ಬರಬಹುದು. ಅಂದರೆ, ಶಸ್ತ್ರಚಿಕಿತ್ಸೆಯಿಂದ ಸಂಪೂರ್ಣ ಗುಣಪಡಿಸಬಹುದಾದ ಹಂತದಲ್ಲಿಯೇ ಈ ಪರೀಕ್ಷೆ ಹೆಚ್ಚಾಗಿ ಎಡವುತ್ತದೆ.

ಇದರ ಇನ್ನೊಂದು ಮುಖವೂ ಉಂಟು. ಸ್ಕ್ವಾಮಸ್ ಕೋಶಗಳು ಚರ್ಮದಲ್ಲಿಯೂ ಬಾಯಿ, ಅನ್ನನಾಳಗಳಲ್ಲಿಯೂ ಇರುತ್ತವೆ. ಆದುದರಿಂದ ಸೋರಿಯಾಸಿಸ್, ಇಸುಬು ಮುಂತಾದ ಚರ್ಮರೋಗಗಳಲ್ಲಿ, ಮೂತ್ರಪಿಂಡದ ವೈಫಲ್ಯದಲ್ಲಿ, ಕೆಲವು ಶ್ವಾಸಕೋಶದ ಕಾಯಿಲೆಗಳಲ್ಲಿ ಹಾಗೂ ಶ್ವಾಸಕೋಶ, ಅನ್ನನಾಳ, ಬಾಯಿಯ ಕ್ಯಾನ್ಸರುಗಳಲ್ಲಿಯೂ ಎಸ್‌ಸಿಸಿ ಏರಬಹುದು. ರಕ್ತದ ಮಾದರಿಗೆ ಬೆವರು ಅಥವಾ ಎಂಜಲಿನ ಕಣ ಸೋಕಿದರೂ ವರದಿಯಲ್ಲಿ ಸುಳ್ಳು ಏರಿಕೆ ಕಾಣಿಸಿಕೊಳ್ಳುವುದುಂಟು.

ಉದಾಹರಣೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಕೆಸರೆಯಂತಹ ಬಡಾವಣೆಗಳ 30 ವರ್ಷ ದಾಟಿದ 10,000 ಮಹಿಳೆಯರಿಗೆ ಈ ರಕ್ತಪರೀಕ್ಷೆ ಮಾಡಿಸಲಾಯಿತೆಂದು ಭಾವಿಸೋಣ. ಅವರಲ್ಲಿ 5 ಮಂದಿಗೆ ಯಾವುದೇ ಲಕ್ಷಣ ತೋರದ ಆರಂಭದ ಕ್ಯಾನ್ಸರ್ ಇದೆ ಎಂದೂ, ಆರೋಗ್ಯವಂತರಲ್ಲಿ ಶೇ 5ರಷ್ಟು ಮಂದಿಯ ವರದಿ ತಪ್ಪಾಗಿ ಅಧಿಕ ಬರುತ್ತದೆ ಎಂದೂ ಇಟ್ಟುಕೊಳ್ಳೋಣ. ಆಗ ಸುಮಾರು 500 ಆರೋಗ್ಯವಂತ ಮಹಿಳೆಯರು ಕ್ಯಾನ್ಸರಿನ ಭೀತಿಯಲ್ಲಿ ಆಸ್ಪತ್ರೆಗಳಿಗೆ ಅಲೆಯಬೇಕಾಗುತ್ತದೆ. ನಿಜವಾಗಿ ರೋಗವಿರುವ ಐವರ ಪೈಕಿ ಮೂವರು 'ಸಹಜ' ಎಂಬ ವರದಿ ಹಿಡಿದು ನೆಮ್ಮದಿಯಿಂದ ಮನೆಗೆ ಮರಳುತ್ತಾರೆ. ಕ್ಯಾನ್ಸರ್ ಪೂರ್ವ ಸ್ಥಿತಿಯಲ್ಲಿರುವ, ಸುಲಭ ಚಿಕಿತ್ಸೆಯಿಂದ ಪಾರಾಗಬಹುದಾದ ಇನ್ನೂ ಹೆಚ್ಚಿನ ಮಹಿಳೆಯರಂತೂ ಪರೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ. ಸಾಮೂಹಿಕ ತಪಾಸಣೆಗೆ ರಕ್ತ ಸೂಚಕಗಳನ್ನು ಶಿಫಾರಸು ಮಾಡದಿರುವುದಕ್ಕೆ ಇದೇ ಕಾರಣ.

ಚಿಕಿತ್ಸೆಯ ಹಾದಿಯಲ್ಲಿ ನೆರವು

ಹಾಗೆಂದು ಈ ಪರೀಕ್ಷೆಗಳು ವ್ಯರ್ಥವೆಂದು ತಿಳಿಯಬಾರದು. ಗರ್ಭಕೊರಳಿನಿಂದ ತೆಗೆದ ಅಂಗಾಂಶದ ತುಣುಕಿನ ಪರೀಕ್ಷೆ, ಅಂದರೆ ಬಯಾಪ್ಸಿ, ರೋಗವನ್ನು ದೃಢಪಡಿಸಿದ ನಂತರ ಎಸ್‌ಸಿಸಿಗೆ ಮೂರು ಉಪಯೋಗಗಳಿವೆ.

ಮೊದಲನೆಯದು, ಚಿಕಿತ್ಸೆಗೆ ಮುಂಚಿನ ಅಂದಾಜು. ಪ್ರಮಾಣ ಬಹಳ ಹೆಚ್ಚಿದ್ದರೆ ಗೆಡ್ಡೆ ದೊಡ್ಡದಿರುವ ಅಥವಾ ದುಗ್ಧಗ್ರಂಥಿಗಳಿಗೆ ರೋಗ ಹರಡಿರುವ ಸಂಭವ ಅಧಿಕ. ಆಗ ಸ್ಕ್ಯಾನಿಂಗ್ ವರದಿಗಳನ್ನು ವೈದ್ಯರು ಇನ್ನಷ್ಟು ಎಚ್ಚರದಿಂದ ಪರಿಶೀಲಿಸುತ್ತಾರೆ. ಆದರೆ ರೋಗದ ಹಂತವನ್ನು ನಿರ್ಧರಿಸುವ, 2018ರಲ್ಲಿ ಪರಿಷ್ಕೃತಗೊಂಡ ಅಂತಾರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟದ ಪದ್ಧತಿಯಲ್ಲಿ ರಕ್ತ ಸೂಚಕಗಳಿಗೆ ಸ್ಥಾನವಿಲ್ಲ. ಅಂಗಪರೀಕ್ಷೆ, ಸ್ಕ್ಯಾನಿಂಗ್ ಮತ್ತು ಅಂಗಾಂಶ ಪರೀಕ್ಷೆಗಳೇ ಅದಕ್ಕೆ ಆಧಾರ.

ಎರಡನೆಯದು, ಚಿಕಿತ್ಸೆಯ ಪರಿಣಾಮದ ಅಳತೆ. ಗೆಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆದರೆ ಎಸ್‌ಸಿಸಿ ಸಾಮಾನ್ಯವಾಗಿ ಒಂದು ವಾರದೊಳಗೆ ಸಹಜ ಮಟ್ಟಕ್ಕೆ ಇಳಿಯುತ್ತದೆ. ವಿಕಿರಣ ಚಿಕಿತ್ಸೆಯಲ್ಲಿ ಈ ಇಳಿಕೆ ನಿಧಾನ. ಚಿಕಿತ್ಸೆ ಮುಗಿದ ಬಳಿಕವೂ ಪ್ರಮಾಣ ಏರಿಯೇ ಇದ್ದರೆ ರೋಗ ಉಳಿದಿರಬಹುದೆಂಬ ಶಂಕೆ ಮೂಡುತ್ತದೆ.

ಮೂರನೆಯದು, ಮರುಕಳಿಕೆಯ ಮುನ್ಸೂಚನೆ. ರೋಗ ಮತ್ತೆ ತಲೆಯೆತ್ತುವ ಪ್ರಕರಣಗಳಲ್ಲಿ ಹೆಚ್ಚಿನವು ಮೊದಲ ಎರಡು-ಮೂರು ವರ್ಷಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ. ಆರಂಭದಲ್ಲಿ ಎಸ್‌ಸಿಸಿ ಅಧಿಕವಿದ್ದ ರೋಗಿಗಳಲ್ಲಿ, ಲಕ್ಷಣಗಳು ತೋರುವುದಕ್ಕೆ ಕೆಲವು ತಿಂಗಳು ಮೊದಲೇ ಅದು ಮತ್ತೆ ಏರುವುದುಂಟು. ಆದರೆ ಹೀಗೆ ಮುಂಚಿತವಾಗಿ ತಿಳಿದುದರಿಂದ ಎಲ್ಲ ರೋಗಿಗಳ ಆಯುಷ್ಯವೂ ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ. ಆದ ಕಾರಣ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರಲ್ಲಿ ಅಂಗಪರೀಕ್ಷೆ ಮಾಡಿಸಿಕೊಳ್ಳುವುದೇ ಮುಖ್ಯ. ರಕ್ತ ಸೂಚಕ ಅದಕ್ಕೆ ಪೂರಕ ಮಾತ್ರ. ಚಿಕಿತ್ಸೆಗೆ ಮುನ್ನ ಪ್ರಮಾಣ ಸಹಜವಾಗಿಯೇ ಇದ್ದವರಲ್ಲಿ ಮುಂದೆಯೂ ಈ ಪರೀಕ್ಷೆಯಿಂದ ಹೆಚ್ಚಿನ ಪ್ರಯೋಜನ ನಿರೀಕ್ಷಿಸಲಾಗದು.

ಸಾಮಾನ್ಯ ರಕ್ತಪರೀಕ್ಷೆಗಳ ಮಹತ್ವ

ದುಬಾರಿ ಸೂಚಕಗಳ ಗದ್ದಲದಲ್ಲಿ ಮರೆತುಹೋಗುವ ಸಂಗತಿಯೆಂದರೆ, ಈ ರೋಗದ ಚಿಕಿತ್ಸೆಯನ್ನು ನೇರವಾಗಿ ನಿರ್ಧರಿಸುವುದು ತೀರ ಸಾಮಾನ್ಯವಾದ ಮೂರು ರಕ್ತಪರೀಕ್ಷೆಗಳು.

ರಕ್ತಸ್ರಾವದಿಂದ ಬಳಲುವ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ. ಹಿಮೊಗ್ಲೋಬಿನ್ ಕಡಿಮೆಯಿದ್ದರೆ ಗೆಡ್ಡೆಗೆ ಆಮ್ಲಜನಕದ ಪೂರೈಕೆ ಕುಗ್ಗಿ ವಿಕಿರಣದ ಪರಿಣಾಮವೂ ಕುಂದುತ್ತದೆ. ಅದಕ್ಕಾಗಿಯೇ ಅಗತ್ಯವಿದ್ದವರಿಗೆ ರಕ್ತ ಕೊಟ್ಟು ಚಿಕಿತ್ಸೆ ಮುಂದುವರಿಸಲಾಗುತ್ತದೆ.

ಕ್ರಿಯಾಟಿನಿನ್ ಪರೀಕ್ಷೆ ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುತ್ತದೆ. ಗೆಡ್ಡೆ ಪಕ್ಕಕ್ಕೆ ಹಬ್ಬಿ ಮೂತ್ರನಾಳವನ್ನು ಅದುಮಿದರೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಹಾಗಾದರೆ ರೋಗ ಮೂರನೆಯ ಹಂತ ತಲುಪಿದೆ ಎಂದೇ ಅರ್ಥ. ಅಲ್ಲದೆ, 1999ರಿಂದೀಚೆಗೆ ವಿಕಿರಣದ ಜೊತೆಯಲ್ಲಿ ನೀಡುವುದು ರೂಢಿಯಾಗಿರುವ ಸಿಸ್‌ಪ್ಲಾಟಿನ್ ಔಷಧವನ್ನು ಮೂತ್ರಪಿಂಡ ದುರ್ಬಲವಾಗಿರುವವರಿಗೆ ಕೊಡುವುದು ಅಪಾಯಕರ.

ಮೂರನೆಯದು ಎಚ್‌ಐವಿ ಪರೀಕ್ಷೆ. ಎಚ್‌ಐವಿ ಸೋಂಕಿತ ಮಹಿಳೆಯರಿಗೆ ಗರ್ಭಕೊರಳ ಕ್ಯಾನ್ಸರ್ ತಗುಲುವ ಸಂಭವ ಇತರರಿಗಿಂತ ಸುಮಾರು ಆರು ಪಟ್ಟು ಅಧಿಕ. ಅವರು 25ನೆಯ ವಯಸ್ಸಿನಿಂದಲೇ ತಪಾಸಣೆ ಆರಂಭಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಪತ್ತೆಯ ನಿಜವಾದ ಮಾರ್ಗ

ರೋಗವನ್ನು ಮೊದಲೇ ಪತ್ತೆ ಹಚ್ಚಲು ಮೂರು ವಿಧಾನಗಳಿವೆ. ಗರ್ಭಕೊರಳಿಗೆ ಶೇ 3ರಿಂದ 5ರಷ್ಟು ಸಾಂದ್ರತೆಯ ಅಸಿಟಿಕ್ ಆಮ್ಲ, ಅಂದರೆ ವಿನಿಗರ್ ದ್ರಾವಣ, ಲೇಪಿಸಿ ಒಂದು ನಿಮಿಷ ಕಾದು ಬಿಳಿಯ ಮಚ್ಚೆ ಮೂಡುವುದೇ ಎಂದು ನೋಡುವ ವಿಐಎ ವಿಧಾನ ಅತ್ಯಂತ ಸರಳವಾದುದು. ತರಬೇತಿ ಪಡೆದ ದಾದಿಯರೂ ಇದನ್ನು ಮಾಡಬಲ್ಲರು. ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪ್ಯಾಪ್ ಸ್ಮಿಯರ್ ಎರಡನೆಯದು. ವೈರಸ್ಸಿನ ಡಿಎನ್‌ಎಯನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಮೂರನೆಯದು. ಸಾಮಾನ್ಯ ಮಹಿಳೆಯರಿಗೆ 30ನೆಯ ವಯಸ್ಸಿನಿಂದ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಭಾರತ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ 30ರಿಂದ 65 ವರ್ಷದ ಮಹಿಳೆಯರಿಗೆ 5 ವರ್ಷಕ್ಕೊಮ್ಮೆ ವಿಐಎ ತಪಾಸಣೆ ಸೂಚಿಸಿತು.

ಇವುಗಳ ಫಲಿತಾಂಶಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವಿದೆ. ಕಲಬುರಗಿ, ಬೀದರ್ ಜಿಲ್ಲೆಗಳ ಗಡಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ 1,31,746 ಗ್ರಾಮೀಣ ಮಹಿಳೆಯರನ್ನು ಒಳಗೊಂಡ ಅಧ್ಯಯನದ ವರದಿ 2009ರಲ್ಲಿ ಪ್ರಕಟವಾಯಿತು. ಜೀವಿತದಲ್ಲಿ ಒಮ್ಮೆ ಮಾತ್ರ ಎಚ್‌ಪಿವಿ ಪರೀಕ್ಷೆಗೆ ಆಹ್ವಾನಿಸಲಾದ ಗುಂಪಿನಲ್ಲಿ ಗರ್ಭಕೊರಳ ಕ್ಯಾನ್ಸರಿನಿಂದ ಸತ್ತವರು 34 ಮಂದಿ. ಅಂತಹ ತಪಾಸಣೆಯಿಲ್ಲದ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಗುಂಪಿನಲ್ಲಿ ಸತ್ತವರು 64 ಮಂದಿ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತೆಯರು ನಡೆಸಿದ ವಿಐಎ ತಪಾಸಣೆಯಿಂದಲೇ ಸಾವಿನ ಪ್ರಮಾಣ ಶೇ 31ರಷ್ಟು ತಗ್ಗಿತು. ಯಾವ ರಕ್ತ ಸೂಚಕಕ್ಕೂ ಇಂತಹ ದಾಖಲೆಯಿಲ್ಲ.

ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಕೇವಲ ಶೇ 1.9.

ಸಂಕೋಚವೇ ಅಡ್ಡಿಯಾಗಿರುವವರಿಗೂ ದಾರಿಯಿದೆ. ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಸಣ್ಣ ಕುಂಚದ ಸಹಾಯದಿಂದ ಮಹಿಳೆಯೇ ಸ್ವತಃ ತೆಗೆದುಕೊಡಬಹುದು. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಸಂಸ್ಥೆಯ ಸಂಶೋಧಕರು ಈ ಭಾಗದ ಗ್ರಾಮೀಣ ಮಹಿಳೆಯರಲ್ಲಿ ಈ ವಿಧಾನದ ಬಗ್ಗೆ ಅಧ್ಯಯನ ನಡೆಸಿದ್ದಾರೆ. ರಕ್ತಪರೀಕ್ಷೆಯ ಸರಳತೆಯನ್ನು ಬಯಸುವವರಿಗೆ ನಿಜವಾದ ಪರ್ಯಾಯ ಇದೇ ಎನ್ನಬಹುದು.

ಓದುಗರು ನೆನಪಿಡಬೇಕಾದ ಅಂಶಗಳು

* ಸಂಭೋಗದ ನಂತರ, ಎರಡು ಮುಟ್ಟುಗಳ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವವಾದರೆ, ದುರ್ವಾಸನೆಯ ಬಿಳಿಸೆರಗು ಇದ್ದರೆ ಒಳಾಂಗ ಪರೀಕ್ಷೆ ಅನಿವಾರ್ಯ. ರಕ್ತದ ವರದಿ ಸಹಜವಾಗಿದೆ ಎಂಬ ಕಾರಣಕ್ಕೆ ಅದನ್ನು ಮುಂದೂಡಬಾರದು.

* ಯಾವ ತೊಂದರೆಯೂ ಇಲ್ಲದವರು ಗರ್ಭಕೊರಳ ಕ್ಯಾನ್ಸರಿನ ಪತ್ತೆಗೆಂದು ರಕ್ತ ಸೂಚಕಗಳ ಪರೀಕ್ಷೆಗೆ ಹಣ ವ್ಯಯಿಸುವ ಅಗತ್ಯವಿಲ್ಲ. ಅದೇ ಸಮಯವನ್ನು ವಿಐಎ, ಪ್ಯಾಪ್ ಅಥವಾ ಎಚ್‌ಪಿವಿ ತಪಾಸಣೆಗೆ ಮೀಸಲಿಡುವುದು ಲೇಸು.

* ಎಸ್‌ಸಿಸಿ ಅಧಿಕವೆಂದು ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಗಾಬರಿಯಾಗಬೇಕಿಲ್ಲ. ಚರ್ಮರೋಗ, ಮೂತ್ರಪಿಂಡದ ಕಾಯಿಲೆ ಇದ್ದರೆ ವೈದ್ಯರಿಗೆ ತಿಳಿಸಬೇಕು. ನಿರ್ಣಯ ಬಯಾಪ್ಸಿಯದು.

* ಚಿಕಿತ್ಸೆಯಲ್ಲಿರುವವರು ಪ್ರತಿ ಬಾರಿಯೂ ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಲ್ಲಿ ಪರೀಕ್ಷೆ ಮಾಡಿಸುವುದು ಒಳಿತು. ಬೇರೆ ಬೇರೆ ವಿಧಾನಗಳ ಅಂಕಿಗಳನ್ನು ಹೋಲಿಸಲಾಗದು. ಹಳೆಯ ವರದಿಗಳನ್ನು ಜೋಪಾನವಾಗಿಡಬೇಕು; ಒಂದು ವರದಿಗಿಂತ ಅದರ ಏರಿಳಿತದ ದಿಕ್ಕೇ ಹೆಚ್ಚು ಅರ್ಥಪೂರ್ಣ.

* ಎಚ್‌ಪಿವಿ ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಅಗತ್ಯ. ಲಸಿಕೆ ಎಲ್ಲ ಬಗೆಯ ವೈರಸ್ಸನ್ನೂ ತಡೆಯುವುದಿಲ್ಲ.

ಕೆಸರೆಯಿಂದ ಕೃಷ್ಣರಾಜೇಂದ್ರ ಆಸ್ಪತ್ರೆಗೂ, ಮಹಿಳೆಯರಿಗಾಗಿಯೇ ಇರುವ ಚೆಲುವಾಂಬ ಆಸ್ಪತ್ರೆಗೂ ಕೆಲವೇ ಕಿಲೋಮೀಟರುಗಳ ದೂರ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವು ಒದಗಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಜಾರಿಗೆ ಬಂದಿದೆ. ಗರ್ಭಕೊರಳ ಕ್ಯಾನ್ಸರ್ ತನ್ನ ಬರವನ್ನು ಹತ್ತಾರು ವರ್ಷ ಮೊದಲೇ ಸಾರುವ ಅಪರೂಪದ ಕ್ಯಾನ್ಸರು. ಆದರೆ ಆ ಸಾರುವಿಕೆ ಗರ್ಭಕೊರಳಿನ ಮೇಲ್ಪದರದಲ್ಲಿಯೇ ಹೊರತು ರಕ್ತದಲ್ಲಿ ಅಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬ ಮಹಿಳೆಯೂ, ಆಕೆಯ ಮನೆಯವರೂ ಈ ಒಂದು ಸಂಗತಿಯನ್ನು ಅರಿತರೆ ಅನೇಕ ಸಾವುಗಳನ್ನು ತಪ್ಪಿಸಬಹುದು.